ಹತ್ತು ಬೆರಳು, ಐದು ಉಸಿರು

ಮಾಸ್ತರು ತೀರಿಕೊಂಡರೆಂಬ ಸುದ್ದಿ ನನಗೆ ತಿಳಿದದ್ದು ಗೋಕಾಕದ ಸಂತೆಯಲ್ಲಿ, ಬದನೆಕಾಯಿ ಆರಿಸುತ್ತ ಕುಕ್ಕರಗಾಲಿನಲ್ಲಿ ಕೂತಿದ್ದಾಗ. ಮೂಡಲಗಿ ಕಡೆಯ ಕಾಯಿಪಲ್ಲೆಯವಳು ತಕ್ಕಡಿ ಎತ್ತಿ ಹಿಡಿದುಕೊಂಡೇ, "ನಿಮ್ಮ ಬಾಜಾ ಮಾಸ್ತರು ಹೋದ್ರಲ್ರಿ ಗುರುಗಳ, ಒಂಬತ್ತು ದಿನಾತು," ಎಂದಳು. ನಾನು ಹೂಂ ಎಂದೆ. ಕೈಗೆ ಸಿಕ್ಕ ಬದನೆಕಾಯಿಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದೆ. ಹೆಂಡತಿ ಚೀಲ ಸುರುವಿ ನೋಡಿ, ಅರ್ಧಕ್ಕರ್ಧ ಹುಳುಕು ತಂದಿದ್ದೀರಲ್ಲ, ಕಣ್ಣು ಎಲ್ಲಿಟ್ಟಿದ್ದಿರಿ ಎಂದು ಬೈದಳು. ಆಗ ನನಗೆ ಅಳು ಬಂತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಆ ಹೆಸರಿನ ಸೆರಗು ಹಿಡಿದು ಇನ್ನೊಬ್ಬರ ಹೆಸರನ್ನು ಹುಡುಕಿ ತೆಗೆಯುವ ಮಂದಿ ನಮ್ಮ ಸೀಮೆಯಲ್ಲಿ ಕಡಿಮೆ ಇಲ್ಲ. ನಾನು ಗೋಕಾಕದ ಕನ್ನಡ ಶಾಲೆಯಲ್ಲಿ ಮಾಸ್ತರ, ಅವರು ಮೂಡಲಗಿಯ ಬಾಜಾ ಮಾಸ್ತರು. ಗೊಂದಲ ಬೇಡವೆಂದು ಅವರು ನನ್ನನ್ನು ಗುರುಗಳೇ ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನನಗೆ ಕ್ಲಾರಿನೆಟ್ ಹಿಡಿಯಲು ಕಲಿಸಿದವರು. ಆದರೂ ಗುರುಗಳು ನಾನೇ! ಶಾಲೆಯ ಮಾಸ್ತರ ಮದುವೆಯ ಬಾಜಾದಲ್ಲಿ ಪೀಪಿ ಊದುತ್ತಾನೆಂದು ನಮ್ಮ ಹೆಡ್ ಮಾಸ್ತರರಿಗೆ ಕೆಂಡದಂಥ ಸಿಟ್ಟಿತ್ತು. ಅವರ ಮಗಳ ಮದುವೆಯಲ್ಲಿ ನಾವೇ ಊದಿದ ಮೇಲೆ ಅದು ಸ್ವಲ್ಪ ಆರಿತು.

ಮಾಸ್ತರು ಗಿಡ್ಡ ಆಳು, ಎದೆ ಅಗಲ. ಮೇಲ್ದುಟಿಯ ನಡುವೆ ಕಾರ್ನೆಟ್ ಎಂಬ ತುತ್ತೂರಿ ಒತ್ತಿ ಒತ್ತಿ ಮೂಡಿದ ಅರ್ಧಚಂದ್ರದ ಗುರುತು. ಊದುವ ದಿನ ಖಾರ ಮುಟ್ಟುತ್ತಿರಲಿಲ್ಲ. ನಮ್ಮ ಕಡೆಯ ಮದುವೆಯಲ್ಲಿ ಖಾರ ಬಿಟ್ಟು ಉಣ್ಣುವುದೆಂದರೆ ಅರ್ಧ ಉಪವಾಸವೇ ಸರಿ. ಎಲ್ಲರೂ ಮೂಗು ಒರೆಸಿಕೊಳ್ಳುತ್ತ ಬದನೆಕಾಯಿ ಎಣಗಾಯಿ ಹೊಡೆಯುವಾಗ ಇವರು ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿಕೊಂಡು ಮುದುಕರ ಹಾಗೆ ಉಣ್ಣುತ್ತಿದ್ದರು. ಮದುವೆಯ ಮಂದಿಯ ಬಗ್ಗೆ ಅವರದೊಂದು ಮಾತಿತ್ತು: "ಊಟ ಚಲೋ ಆದರ ಬಾಜಾನೂ ಚಲೋ ಆತು ಅಂತಾರ. ಸಾರಿನಾಗ ಉಪ್ಪು ಕಡಿಮಿ ಬಿದ್ದರ ನಮಗೂ ಬೈತಾರ."

ಹರೆಯದಲ್ಲಿ ಅವರು ಬೆಳಗಾವಿಯ ಪಲ್ಟಣಿನ ಬ್ಯಾಂಡಿನಲ್ಲಿದ್ದವರು. ಮೊದಲನೆಯ ಯುದ್ಧದಲ್ಲಿ ಬಸ್ರಾಕ್ಕೂ ಹೋಗಿ ಬಂದಿದ್ದರು. ಅಲ್ಲಿ ಒಬ್ಬ ಗೋರಾ ಅಧಿಕಾರಿ ಅವರಿಗೆ ಐದು ಗೆರೆಗಳ ಮೇಲೆ ಸಂಗೀತ ಬರೆಯುವುದನ್ನೂ ಓದುವುದನ್ನೂ ಕಲಿಸಿದ್ದ. ಮೂಡಲಗಿಗೆ ಮರಳಿದ ಮೇಲೆ ಆ ವಿದ್ಯೆಗೆ ಗಿರಾಕಿಯೇ ಇರಲಿಲ್ಲ. ಎದುರುಗೊಳ್ಳಲು ಒಂದು ಹಾಡು, ಅಕ್ಕಿಕಾಳು ಹಾಕುವ ಮುಹೂರ್ತಕ್ಕೆ ಒಂದು ಹಾಡು, ಹೆಣ್ಣು ಕಳಿಸಲು ಒಂದು ಅಳುವ ಹಾಡು. ಇಷ್ಟರಲ್ಲೇ ಇಪ್ಪತ್ತು ವರ್ಷ ಕಳೆದಿದ್ದರು. ನಾನೊಬ್ಬನೇ ಜೊತೆಗಿದ್ದಾಗ ಒಮ್ಮೊಮ್ಮೆ ಹಳೆಯ ಕಾಗದಗಳನ್ನು ತೆಗೆದು, ಬೆರಳಿನಿಂದ ಗೆರೆ ಹಿಡಿದು, ತುಟಿಯಲ್ಲೇ ಗುನುಗುತ್ತ ಓದುತ್ತಿದ್ದರು. ಓದಿ ಮುಗಿಸಿ, "ಹೊಲಾ ಇಲ್ಲದಾವ ಕೂರಿಗಿ ಇಟಗೊಂಡಂಗ ಆಗೇತಿ ನೋಡ್ರಿ ನಂದು," ಎಂದು ನಗುತ್ತಿದ್ದರು. ಆ ನಗೆ ನನಗೆ ಹಿಡಿಸುತ್ತಿರಲಿಲ್ಲ.

ಹುಕ್ಕೇರಿಯ ಒಂದು ದೊಡ್ಡ ಮನೆತನದ ವಾಡೆಗೆ ಪಿಯಾನೋ ಬಂದದ್ದು ಆ ಕಾಲಕ್ಕೆ. ವಾಡೆಯ ಎರಡನೆಯ ಮಗ ಮಿಶನ್ ಶಾಲೆಯಲ್ಲಿ ಕಲಿತ ಹೆಣ್ಣನ್ನು ಮದುವೆಯಾಗಿದ್ದ. ಹೆಣ್ಣಿನ ಹಿಂದೆ ಪಿಯಾನೋ ಬಂತು, ಜೋಡಿಸಿ ಕಟ್ಟಿದ ಎರಡು ಗಾಡಿಯಲ್ಲಿ, ನಾಲ್ಕು ಎತ್ತು ಎಳೆದುಕೊಂಡು. ಊರ ಮಂದಿ ಅದನ್ನು ತಿಜೋರಿ ಎಂದುಕೊಂಡು ಎರಡು ದಿನ ಬಾಯಿ ಚಪ್ಪರಿಸಿದರು. ದಾರಿಯ ಕುಲುಕಾಟಕ್ಕೆ ಅದರ ಶ್ರುತಿ ಕೆಟ್ಟಿತ್ತು. ಯಾರೋ ಮಾಸ್ತರ ಹೆಸರು ಹೇಳಿದರು. ವಾಡೆಯ ಮಗ ಕರೆಸಿ, "ಇದನ್ನ ಸರಿ ಮಾಡಾಕ ಬರತೈತೇನ್ರಿ?" ಎಂದು ಕೇಳಿದ. ಮಾಸ್ತರು ಬರ್ತೈತಿ ಎಂದುಬಿಟ್ಟರು. ಅಲ್ಲಿಯತನಕ ಪಿಯಾನೋವನ್ನು ಅವರು ದೂರದಿಂದ ನೋಡಿದ್ದರೇ ಹೊರತು ಮುಟ್ಟಿದವರಲ್ಲ. ಕಮ್ಮಾರನಿಂದ ಒಂದು ಚಾವಿ ಮಾಡಿಸಿಕೊಂಡು, ಬಾಯಲ್ಲಿ ಕಾರ್ನೆಟ್ ಹಿಡಿದು ಸ್ವರ ಊದುತ್ತ, ಕೈಯಲ್ಲಿ ತಂತಿ ಬಿಗಿಯುತ್ತ ಮೂರು ದಿನ ಕೂತರು. ಒಂದು ತಂತಿ ಹರಿದು ಕೆನ್ನೆಗೆ ಬಾರಿಸಿತು. ಸರಿಮಾಡಿಯೇ ಎದ್ದರು.

ವಾಡೆಯ ಹೆಣ್ಣುಮಕ್ಕಳು ಪರಪುರುಷರ ಎದುರಿಗೆ ಬರುತ್ತಿರಲಿಲ್ಲ. ಮಾಸ್ತರು ಒಳಗೆ ಕೆಲಸ ಮಾಡುವಾಗ ಅವರು ಅಡಿಗೆ ಮನೆಗೆ ಸರಿಯುತ್ತಿದ್ದರು. ಮಾಸ್ತರು ಪಡಸಾಲೆಗೆ ಬಂದು ಕೂತ ಮೇಲೆ ಸೊಸೆ ಒಳಗೆ ಪಿಯಾನೋಕ್ಕೆ ಕೂತು ಬಾರಿಸಿ ನೋಡುತ್ತಿದ್ದಳು. ಮಾತೆಲ್ಲ ನಾಗವ್ವನೆಂಬ ಹಳೆಯ ಆಳುಮಗಳ ಬಾಯಿಂದ. "ಬಲಗಡಿ ಮೂರನೇ ಮನಿ ಇನ್ನೂ ಒಂದೀಟು ಅಳತೈತಂತ್ರಿ," ಎಂದು ನಾಗವ್ವ ಬಂದು ಹೇಳುವಳು. ಮಾಸ್ತರು ಹೋಗಿ ನೋಡಿದರೆ ಖರೆಯೇ ಕೂದಲೆಳೆಯಷ್ಟು ಇಳಿದಿರುತ್ತಿತ್ತು. "ಏನ್ ಕಿವಿ ಗುರುಗಳ! ನನ್ನ ಪಲ್ಟಣಿನ ಸಾಹೇಬನಿಗೂ ಇರಲಿಲ್ಲ ಅಂಥ ಕಿವಿ," ಎಂದು ನನ್ನ ಮುಂದೆ ಹತ್ತು ಸಲ ಹೇಳಿರಬೇಕು.

ಹೀಗೆ ವರ್ಷಕ್ಕೆ ಎರಡು ಮೂರು ಸಲ ಹೋಗುತ್ತಿದ್ದರು. ಒಮ್ಮೆ ಶ್ರುತಿ ಮಾಡಿ ಪಡಸಾಲೆಗೆ ಬಂದು ಕೂತಿದ್ದಾರೆ, ಒಳಗಿನಿಂದ ಒಂದು ಹಾಡು ಶುರುವಾಯಿತು. ಸ್ವರಗಳು ಒಂದಕ್ಕೊಂದು ತಾಗದೆ, ಸಾ ಎಲ್ಲಿದೆಯೆಂದೇ ತಿಳಿಯದೆ, ಒಂದರ ಮೇಲೊಂದು ತೇಲುತ್ತಿದ್ದವು. ಮಾಡಿದ ಕೆಲಸವೆಲ್ಲ ಮಣ್ಣುಗೂಡಿತು ಎಂದುಕೊಂಡು, "ತಪ್ಪಾತು ಅಂತ ಹೇಳವ್ವಾ, ಈಗ ಮತ್ತ ಬಿಗಿ ಮಾಡ್ತೀನಿ," ಎಂದು ನಾಗವ್ವನನ್ನು ಕಳಿಸಿದರು. ಅವಳು ಹೋಗಿ ಬಂದು ಹೇಳಿದಳು: "ಪೆಟ್ಟಿಗಿ ನೆಟ್ಟಗೈತಂತ್ರಿ. ಹಾಡ ಹಂಗೈತಂತ. ಯಾವನೋ ವಿಲಾಯತಿಯಾವ ಈಗೀಗ ಬರದದ್ದಂತ. ಇನ್ನೊಮ್ಮೆ ಬಾರಸ್ತಾರಂತ, ಕಣ್ಣ ಮುಚಗೊಂಡು ಕೇಳಬೇಕಂತ."

ಮಾಸ್ತರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಹುಕ್ಕೇರಿಗೆ ಹೋದಾಗಲೆಲ್ಲ ಅದನ್ನೇ ಕೇಳಿ ಬರುತ್ತಿದ್ದರು. ಗಂಡ ಮುಂಬಯಿಯಿಂದ ತರಿಸಿಕೊಟ್ಟ ಪುಸ್ತಕದಲ್ಲಿತ್ತಂತೆ ಅದು. ಮಾಸ್ತರು ಏನಾದರೂ ಕೇಳಿ ಕಳಿಸುವರು. ಅವಳು ಮಾತಿನ ಬದಲಿಗೆ ಆ ಜಾಗವನ್ನೇ ಮತ್ತೊಮ್ಮೆ ಮೆಲ್ಲಗೆ ಬಾರಿಸಿ ಉತ್ತರ ಕೊಡುವಳು. ಮೂರು ವರ್ಷ ಹೀಗೆ ನಡೆಯಿತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾಸ್ತರ ವಿದ್ಯೆಯ ಬೆಲೆ ತಿಳಿದಿದ್ದ ಒಂದೇ ಜೀವ ಆ ಗೋಡೆಯ ಆಚೆ ಇತ್ತು.

ನಾಲ್ಕನೆಯ ವರ್ಷ ವಾಡೆಯ ಮಗ ವಿಷಮಜ್ವರದಲ್ಲಿ ಹೋದ. ಮೂವತ್ತು ತುಂಬಿರಲಿಲ್ಲ. ಪಿಯಾನೋಕ್ಕೆ ಬೀಗ ಬಿತ್ತು, ಮೇಲೆ ಜಮಖಾನ ಹೊದಿಸಿದರು. ಅತ್ತೆ ಮಾವ ಕೆಟ್ಟವರಲ್ಲ. ಮಗನನ್ನು ಮಣ್ಣು ಮಾಡಿದ ಮನೆಯಲ್ಲಿ ವಾದ್ಯ ನುಡಿಯುವುದೆಂದರೆ ಅವರಿಗೆ ಊಹಿಸಲೂ ಆಗುತ್ತಿರಲಿಲ್ಲ, ಅಷ್ಟೇ. ಎಂಟು ತಿಂಗಳಾದ ಮೇಲೆ ಹುಕ್ಕೇರಿಯ ಸಂತೆಯಲ್ಲಿ ನಾಗವ್ವ ಮಾಸ್ತರನ್ನು ಹುಡುಕಿಕೊಂಡು ಬಂದಳು. ನಾನೂ ಜೊತೆಗಿದ್ದೆ. ಸೆರಗಿನ ಅಡಿಯಿಂದ ಅರಿವೆಯಲ್ಲಿ ಸುತ್ತಿದ ನಾಲ್ಕು ಹಾಳೆ ತೆಗೆದು ಅವರ ಕೈಗಿಟ್ಟಳು.

"ಕಾರಹುಣ್ಣಿವಿ ಆದಮ್ಯಾಲ ಸಣ್ಣ ಅವ್ವಾರನ್ನ ತವರಿಗೆ ಕಳಸ್ತಾರ್ರಿ. ಪೆಟ್ಟಿಗಿ ಕೊಲ್ಲಾಪುರದವರಿಗೆ ಕೊಡ್ತಾರಂತ. ಅವರ ಯಜಮಾನ್ರು ಇದ್ದಾಗ ಕಡೀಕ ಬಾರಿಸಿದ್ದು ಈ ಹಾಡ. ಹೋಗೂದರೊಳಗ ಒಮ್ಮೆ ಕಿವಿಗೆ ಬಿದ್ದರ ಸಾಕು ಅಂತಾರ್ರಿ. ನಿಮ್ಮ ಬಾಜಾದಾಗ ಆಗತೈತೇನು ಅಂತ ಕೇಳ್ಯಾರ."

ಮಾಸ್ತರು ಹಾಳೆಗಳನ್ನು ಬಿಚ್ಚಿಯೂ ನೋಡಲಿಲ್ಲ. "ಆಗತೈತಿ ಅಂತ ಹೇಳು," ಎಂದರು. ಪಿಯಾನೋ ಸರಿಮಾಡಲು ಬರುತ್ತದೆ ಎಂದಿದ್ದರಲ್ಲ, ಅದೇ ಮಾದರಿ.

ಮೂಡಲಗಿಯಲ್ಲಿ ಒಂದು ಪಾಳುಬಿದ್ದ ಗಾಣದ ಮನೆಯಿತ್ತು. ಭಾನುವಾರ ಅಲ್ಲಿ ಸೇರತೊಡಗಿದೆವು. ಮಾಸ್ತರದು ಕಾರ್ನೆಟ್, ನನ್ನದು ಕ್ಲಾರಿನೆಟ್, ಇಮಾಮಸಾಬನದು ಫ್ಲೂಟು, ದುಂಡಪ್ಪನ ತೊಡೆಯ ಮೇಲೆ ಅವನಷ್ಟೇ ಹೊಟ್ಟೆಯ ಹಿತ್ತಾಳೆ ವಾದ್ಯ, ಯುಫೋನಿಯಂ. ಐದನೆಯವನು ಬಸಪ್ಪ, ಸೂರ ಹಿಡಿಯುವವನು. ಸನಾದಿಯವರ ಬೆನ್ನಿಗೆ ಕೂತು, ಒಂದೇ ಸ್ವರದ ಕೊಳವೆಯನ್ನು ಹಾಡು ಮುಗಿಯುವತನಕ ಬಿಡದೆ ಊದುವುದು ಅವನ ವೃತ್ತಿ. ಮೂಗಿನಿಂದ ಉಸಿರೆಳೆಯುತ್ತ ಕೆನ್ನೆಯಿಂದ ಬಿಡುತ್ತ ಎಷ್ಟು ಹೊತ್ತು ಬೇಕಾದರೂ ಎಳೆಯುತ್ತಿದ್ದ. ಡೋಲು ತಾಶೆಗಳಿಗೆ ಈ ಹಾಡಿನಲ್ಲಿ ಕೆಲಸವಿಲ್ಲವೆಂದು ಅವರನ್ನು ಕರೆಯಲಿಲ್ಲ.

ಹತ್ತು ಬೆರಳು ಮಾಡುವ ಕೆಲಸವನ್ನು ಐದು ಬಾಯಿಗೆ ಹಂಚಬೇಕು. ಪಿಯಾನೋದಲ್ಲಿ ಒಂದೇ ಹೊತ್ತಿಗೆ ಏಳು ಸ್ವರ ನುಡಿಯುತ್ತವೆ. ನಮ್ಮದು ಬಾಯಿಗೊಂದೇ ಸ್ವರ. ಎರಡು ಸ್ವರ ಬಿಟ್ಟರಾಯಿತಲ್ಲ ಎಂದು ನಾನು ಶಾಲೆಯ ವಜಾಬಾಕಿಯ ಹಾಗೆ ಕಳೆಯುವ ಲೆಕ್ಕ ಮಾಡಿದೆ. ಮಾಸ್ತರು ಸಿಟ್ಟಿನಿಂದ ನೋಡಿದರು. "ಏಳು ಮಂದಿ ಮಕ್ಕಳಾಗ ಇಬ್ಬರನ್ನ ಬಿಟ್ಟ ಹೋಗು ಅಂದ್ರ ಯಾರನ್ನ ಬಿಡ್ತೀರಿ ಗುರುಗಳ?" ಎಂದರು. ಬಿಡಲಿಲ್ಲ. ಉಳಿದ ಎರಡನ್ನು ಅರೆಕ್ಷಣ ತಡಮಾಡಿ ಇಮಾಮಸಾಬನ ಫ್ಲೂಟಿನಲ್ಲಿ ಹಗುರಾಗಿ ತೂರಿಸಿದರು. ಕೇಳಿದರೆ ಏಳೂ ಇದ್ದವು!

ನನ್ನ ಅಕ್ಷರ ದುಂಡಗಿದ್ದುದರಿಂದ ಐವರ ಭಾಗಗಳನ್ನು ನಕಲು ತೆಗೆಯುವ ಕೆಲಸ ನನಗೆ ಬಿತ್ತು. ಹಳೆಯ ಪರೀಕ್ಷೆಯ ಉತ್ತರ ಪತ್ರಿಕೆಗಳ ಹಿಂಬದಿಗೆ ಗೆರೆ ಹಾಕಿ ಬರೆದೆ. ಒಂದು ಕಡೆ ಬೆಳಗಾವಿ ಜಿಲ್ಲೆಯ ನದಿಗಳು, ಇನ್ನೊಂದು ಕಡೆ ವಿಲಾಯತಿಯ ಹಾಡು. ಮಾಸ್ತರು ಒಂದು ಪುಟ ಹೇಳಿ ಬರೆಸಿ, ಊದಿಸಿ ನೋಡಿ, ಹರಿದು ಹಾಕಿ, ಮತ್ತೆ ಬರೆಸುವರು. ನನ್ನ ಶಾಲೆಯ ನದಿಗಳೆಲ್ಲ ಬತ್ತಿಹೋದವು.

ದೊಡ್ಡ ತೊಡಕು ಬಸಪ್ಪನದಾಗಿತ್ತು. ಈ ಹಾಡಿಗೆ ಒಂದು ಸಾ ಇರಲಿಲ್ಲ. ಎರಡು ಸಾಲಿಗೊಮ್ಮೆ ನೆಲವೇ ಬದಲಾಗುತ್ತಿತ್ತು. ಮಾಸ್ತರು ನಾಲ್ಕು ಕೊಳವೆ ಮಾಡಿಸಿ, ತೂತುಗಳಿಗೆ ಜೇನುಮೇಣ ಮೆತ್ತಿ ನಾಲ್ಕು ಬೇರೆ ಸ್ವರಕ್ಕೆ ತಂದು, ಬಸಪ್ಪನ ನಡುವಿಗೆ ಕಟ್ಟಿಸಿದರು. ನಾನು ಮೊಣಕೈಯಿಂದ ತಿವಿದಾಗ ಅವನು ಕೊಳವೆ ಬದಲಿಸಬೇಕು.

"ಮೂವತ್ತು ವರ್ಷ ಒಂದ ಸ್ವರ ಹಿಡದೇನ್ರಿ ಮಾಸ್ತರ," ಎಂದು ಬಸಪ್ಪ ಗೋಗರೆದ. "ನಮ್ಮಪ್ಪ ಸಾಯೂ ಮುಂದ, ಹಾಡ ಮುಗಿಯೂತನಕ ಸೂರ ಬಿಡಬ್ಯಾಡ ಅಂತ ಕೈಮ್ಯಾಲ ಕೈ ಹಾಕಿಸಿಗೊಂಡಾನ. ಈಗ ನಡಬರಕ ಬಿಡು ಅಂತೀರಲ್ಲ."

"ಬಿಡೂದಲ್ಲೋ ಬಸಪ್ಪಾ. ಒಂದು ಮನಿಯಿಂದ ಇನ್ನೊಂದು ಮನಿಗೆ ಹೋಗೂದು. ಹೆಣ್ಣಮಕ್ಕಳು ಹೋಗೂದಿಲ್ಲೇನು?"

ಬಸಪ್ಪ ಅದಕ್ಕೆ ಒಪ್ಪಿದ. ಮೂರು ವಾರ ತಿವಿಸಿಕೊಂಡು ಅವನ ಪಕ್ಕೆ ಕಂದಿತು. ನಾಲ್ಕನೆಯ ವಾರ ತಿವಿಯುವ ಮೊದಲೇ ಬದಲಿಸತೊಡಗಿದ.

ಪಿಯಾನೋದ ಸ್ವರ ಒತ್ತಿದ ಕೂಡಲೆ ಸಾಯತೊಡಗುತ್ತದೆ, ತನ್ನಷ್ಟಕ್ಕೆ. ನಮ್ಮದು ಹಾಗಲ್ಲ, ಊದುವತನಕ ಗಟ್ಟಿಯಾಗಿ ನಿಂತಿರುತ್ತದೆ. ಅದನ್ನು ಸಾಯಿಸಲು ಕಲಿಯಬೇಕಿತ್ತು. ಮಾಸ್ತರು ಮನೆಯಿಂದ ಒಂದು ಹಿತ್ತಾಳೆ ತಾಟು ತಂದು, ಬೆರಳಿನಿಂದ ಬಡಿದು, ಸದ್ದು ಪೂರ್ತಿ ಅಡಗುವತನಕ ನಮ್ಮನ್ನು ಮಾತಾಡಗೊಡದೆ ಕೂರಿಸುತ್ತಿದ್ದರು. "ಎಲ್ಲಿ ಮುಗೀತು ಅಂತ ಹೇಳಾಕ ಬರಬಾರದು, ಹಂಗ ಬಿಡ್ರಿ ಉಸರು," ಎನ್ನುವರು. ಮದುವೆಯ ಬಾಜಾದವರಿಗೆ ಮೆಲ್ಲಗೆ ಊದುವುದೆಂದರೆ ಬರಗಾಲ ಬಂದಂತೆ. ದುಂಡಪ್ಪನ ಕಣ್ಣಲ್ಲಿ ನೀರು ಬರುತ್ತಿತ್ತು. ನೆರೆಯ ಮುದುಕಿಯೊಬ್ಬಳು ಬಾಗಿಲಲ್ಲಿ ಇಣುಕಿ, "ಬಾಜಾಕ ಜಡ್ಡು ಬಂದೈತೇನ್ರಿ ಮಾಸ್ತರ, ನರಳಾಕತ್ತೈತಿ," ಎಂದು ಕೇಳಿದಳು. "ಹೂಂನವ್ವಾ, ಔಷಧ ನಡದೈತಿ," ಎಂದರು ಮಾಸ್ತರು.

ಎಲ್ಲಿ ಬಾರಿಸುವುದೆಂಬ ಪ್ರಶ್ನೆಗೆ ಮಾಸ್ತರು ಮೊದಲೇ ದಾರಿ ಕಂಡುಕೊಂಡಿದ್ದರು. ಸಾವಿನ ಮನೆಯೊಳಗೆ ಬಾಜಾ ಹೋಗುವಂತಿಲ್ಲ, ವರ್ಷ ತುಂಬುವತನಕ ಆ ಹೆಣ್ಣುಮಗಳು ಹೊರಗೆ ಬರುವಂತಿಲ್ಲ. ಆದರೆ ಹುಕ್ಕೇರಿಯಲ್ಲಿ ಒಂದು ಪದ್ಧತಿಯಿತ್ತು. ಆ ಓಣಿಯಲ್ಲಿ ಯಾವ ಮದುವೆಯ ಮೆರವಣಿಗೆ ಹಾದುಹೋದರೂ ವಾಡೆಯ ಬಾಗಿಲ ಮುಂದೆ ನಿಂತು, ಬಾಗಿಲಿಗೆ ಮುಖ ಮಾಡಿ, ಬಾಜಾದವರು ಒಂದು ಹಾಡು ಬಾರಿಸಬೇಕು. ಅದಕ್ಕೆ ಸಲಾಮಿ ಎನ್ನುತ್ತಿದ್ದರು. ಯಾವ ಹಾಡು ಎನ್ನುವುದು ಬಾಜಾ ಮಾಸ್ತರನ ಮರ್ಜಿ. ಕಾರಹುಣ್ಣಿಮೆಗೆ ಮುಂಚೆ ಅದೇ ಓಣಿಯ ಸಾವಕಾರರ ಮಗನ ಮದುವೆಯಿತ್ತು, ಬಾಜಾ ನಮ್ಮದೇ. ಸಲಾಮಿಯ ಹೊತ್ತಿಗೆ ಈ ಹಾಡು.

"ಮಣ್ಣಾದ ಮನಿ ಅಲ್ಲೇನ್ರಿ? ಸೂತಕ ಐತಿ ಅಂದ್ರ?" ಎಂದು ಇಮಾಮಸಾಬ ಕೇಳಿದ.

ಮಾಸ್ತರು ಅದಕ್ಕೂ ತಯಾರಿದ್ದರು. ಸಾವಕಾರರದೂ ವಾಡೆಯವರದೂ ಬಸವಣ್ಣನವರ ದಾರಿಯ ಮನೆತನಗಳು. ಆ ದಾರಿಯಲ್ಲಿ ಸೂತಕವೆಂಬುದೇ ಇಲ್ಲ. ಶರಣರು ಅದನ್ನು ಕಿತ್ತು ಹಾಕಿ ಎಷ್ಟೋ ಶತಮಾನಗಳಾದವು. ಆದರೂ ಇರಲಿ ಎಂದು ಮಾಸ್ತರು ಮಠಕ್ಕೆ ಹೋಗಿ ಸ್ವಾಮಿಗಳಾದ ಅಜ್ಜನವರನ್ನು ಕೇಳಿ ಬಂದಿದ್ದರು. "ಸತ್ತದ್ದಕ್ಕೂ ಸೂತಕಿಲ್ಲ, ಹುಟ್ಟಿದ್ದಕ್ಕೂ ಸೂತಕಿಲ್ಲ. ನಿಮ್ಮ ಸಲಾಮಿಗೆ ಯಾರ ಅಡ್ಡಿ?" ಎಂದು ಅಜ್ಜನವರು ನಕ್ಕಿದ್ದರಂತೆ. ಸಾವಕಾರರನ್ನು ಕೇಳುವ ಅಗತ್ಯ ಮಾಸ್ತರಿಗೆ ಕಾಣಲಿಲ್ಲ. ಮಠ ಹೇಳಿದ ಮೇಲೆ ಓಣಿಯನ್ನೇನು ಕೇಳುವುದು ಎಂದರು. ನಾನೂ ಹೌದೆಂದೆ. ಎಲ್ಲ ಓದಿದವನೆಂಬ ಸೊಕ್ಕು ನನಗಿತ್ತು, ಹುಟ್ಟಿನಿಂದ ಅದೇ ದಾರಿಯ ಮನೆಯಲ್ಲಿ ಬೆಳೆದೂ ಸಾವಕಾರರನ್ನೊಮ್ಮೆ ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಈಗಲೂ ನೆನೆಸಿಕೊಂಡರೆ ಕಪಾಳಕ್ಕೆ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ಮದುವೆಗೆ ನಾಲ್ಕು ದಿನ ಮುಂಚೆ ಗಾಣದ ಮನೆಯಲ್ಲಿ ಹಾಡು ಮೊದಲ ಸಲ ಪೂರ್ತಿಯಾಗಿ ಬಂತು. ಒಬ್ಬನ ಉಸಿರು ತೀರುವ ಮೊದಲು ಇನ್ನೊಬ್ಬ ಹಿಡಿದ, ಅವನದು ತೀರುವ ಮೊದಲು ಮತ್ತೊಬ್ಬ. ಬಸಪ್ಪ ನಾಲ್ಕು ಮನೆಗೂ ಹೋಗಿ ಬಂದ. ಕೊನೆಯ ಸ್ವರ ಎಲ್ಲಿ ಮುಗಿಯಿತೆಂದು ನಮಗೇ ತಿಳಿಯಲಿಲ್ಲ. ಮಾಸ್ತರು ಕಾರ್ನೆಟ್ ಕೆಳಗಿಟ್ಟು, ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, "ಕೇಳ್ಲಿ. ಇನ್ನ ಕೇಳ್ಲಿ," ಎಂದರು. ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮದುವೆಯ ದಿನ ಮುಂಜಾನೆ ಎಂಟಕ್ಕೆ ಬೀಗರನ್ನು ಎದುರುಗೊಂಡು ಮೆರವಣಿಗೆ ಹೊರಟಿತು. ನಾವು ಐವರು ಮುಂದೆ, ಡೋಲು ತಾಶೆಯವರು ನಮ್ಮ ಹಿಂದೆ. ಅಂಗಿಯೊಳಗೆ ಎದೆಗೆ ಒತ್ತಿಕೊಂಡ ಹಾಳೆ ಬೆವರಿಗೆ ನೆನೆಯುತ್ತಿತ್ತು. ವಾಡೆಯ ಗೋಡೆ ಕಾಣಿಸಿತು. ಮಹಡಿಯ ಮೇಲಿನ ಕಿಟಕಿಯ ಒಂದು ಬಾಗಿಲು ನಾಲ್ಕು ಬೆರಳಿನಷ್ಟು ತೆರೆದಿತ್ತು. ಮಾಸ್ತರು ಕತ್ತೆತ್ತಿ ನೋಡಿದರು, ನಾನೂ ನೋಡಿದೆ. ಒಳಗೆ ಸೀರೆಯ ಅಂಚು ಅಲುಗಿದಂತಾಯಿತು.

ಅಷ್ಟರಲ್ಲಿ ಸಾವಕಾರರು ಗುಂಪನ್ನು ಸೀಳಿಕೊಂಡು ಮುಂದೆ ಬಂದರು. ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಬಾಜಾ ಬಂದ್ ಮಾಡ್ರಿ ಮಾಸ್ತರ. ವಾಡೇ ದಾಟೂತನಕ ಯಾರೂ ಪಿಟ್ಟನ್ನಬ್ಯಾಡ್ರಿ."

ಮಾಸ್ತರು ಕಾರ್ನೆಟ್ ಇಳಿಸಿದರು. "ಸಲಾಮಿ ಪದ್ಧತಿ ಐತಲ್ರಿ ಸಾವಕಾರ್ರ."

"ಏನ್ ಮಾತಾಡ್ತೀರಿ! ಹರೇದ ಮಗನ್ನ ಕಳಕೊಂಡ ಮನಿ. ವರ್ಷಾಗಿಲ್ಲ."

"ನಮ್ಮಾಗ ಸೂತಕ ಇಲ್ಲ ಅಂತ ಅಜ್ಜಾರು ಹೇಳ್ಯಾರ್ರಿ. ನಾ ಕೇಳಿ ಬಂದೇನಿ."

"ಸೂತಕ ಐತಿ ಅಂತ ಯಾರ್ ಅಂದ್ರು? ಅಜ್ಜಾರ ಮಾತು ಮಠದಾಗ ಖರೆ. ಇದು ಓಣಿ. ಆ ತಾಯಿ ಹೊಟ್ಟಿ ಉರಿಯೂ ಮುಂದ ಅವರ ಬಾಗಲದಾಗ ನಿಂತು ನಾ ಪೀಪಿ ಊದಿಸಲೇನು?"

"ಮೆಲ್ಲಗ ಬಾರಸ್ತೀವ್ರಿ. ಮದುವಿ ಹಾಡಲ್ಲ. ಒಂದ, ಒಂದ ಸಲ. ನಿಮ್ಮ ಕಾಲ್ ಮುಗೀತೀನಿ."

ಸಾವಕಾರರು ಅಚ್ಚರಿಯಿಂದ ನೋಡಿದರು. ಮಾಸ್ತರು ಹಾಗೆ ಯಾರಲ್ಲೂ ಬೇಡಿಕೊಂಡವರಲ್ಲ. "ಯಾಕ್ ಮಾಸ್ತರ? ಯಾರ್ ಕೇಳ್ಯಾರ ನಿಮಗ ಬಾರಸ್ರಿ ಅಂತ?" ಎಂದರು.

ಒಂದು ಮಾತು ಸಾಕಾಗಿತ್ತು. ಆ ಮನೆಯ ಹೆಣ್ಣುಮಗಳೇ ಕೇಳಿದ್ದಾಳೆ ಎಂದರೆ ಸಾವಕಾರರು ಕರಗುತ್ತಿದ್ದರೋ ಏನೋ. ಆದರೆ ಆ ಮಾತು ಇನ್ನೂರು ಮಂದಿಯ ನಡುವೆ ಬಿದ್ದರೆ, ಗಂಡ ಸತ್ತು ವರ್ಷವಾಗದ ಹೆಣ್ಣು ಬಾಜಾದವನಿಗೆ ಹೇಳಿ ಕಳಿಸಿದ್ದಳೆಂದು ಮಧ್ಯಾಹ್ನದೊಳಗೆ ಯಮಕನಮರಡಿ ಮುಟ್ಟುತ್ತಿತ್ತು. ನನ್ನ ಸಿಟ್ಟು ಮೂಗಿನ ಮೇಲೆಯೇ ಇರುವಂಥದು. ನಾನು ಬಾಯಿ ತೆರೆದೇಬಿಟ್ಟಿದ್ದೆ. ಮಾಸ್ತರು ತಮ್ಮ ಪಲ್ಟಣಿನ ಬೂಟಿನಿಂದ ನನ್ನ ಪಾದವನ್ನು ತುಳಿದು ಒತ್ತಿ ಹಿಡಿದರು.

"ಯಾರೂ ಕೇಳಿಲ್ರಿ," ಎಂದರು. "ಹೊಸಾ ಹಾಡ ಕಲತಿದ್ವಿ. ಅದಕ್ಕ ಅಂದೆ."

ಸಾವಕಾರರು ಅವರ ಬೆನ್ನು ಸವರಿ, "ಮುಂದ ಎಲ್ಲೆರೆ ಬಾರಸಾಕ ಬರತೈತಿ ಬಿಡ್ರಿ," ಎಂದರು. ಕೆಟ್ಟ ಮನುಷ್ಯನಾಗಿದ್ದರೆ ಜಗಳವಾಡಬಹುದಿತ್ತು. ಆ ಮನುಷ್ಯನ ಕಣ್ಣಲ್ಲಿ ನೀರಿತ್ತು. ಮಂದಿಯೆಲ್ಲ ತಲೆ ಬಗ್ಗಿಸಿದರು. ಮದುಮಗನ ಕುದುರೆಯ ಗೆಜ್ಜೆಯನ್ನೂ ಯಾರೋ ಕೈಯಿಂದ ಹಿಡಿದುಕೊಂಡರು.

ಮೆರವಣಿಗೆ ಸದ್ದಿಲ್ಲದೆ ನಡೆಯಿತು. ಬಾಗಿಲ ಎದುರಿಗೆ ಬಂದಾಗ ಮಾಸ್ತರು ನಮ್ಮ ಕಡೆಗೆ ತಿರುಗಿ ಕಾರ್ನೆಟ್ ತುಟಿಗಿಟ್ಟರು. ಆದರೆ ಅವರು ಊದಲಿಲ್ಲ. ಕಣ್ಣಿನಿಂದ ತಾಳ ಕೊಟ್ಟು, ಬೆರಳು ಆಡಿಸತೊಡಗಿದರು. ನಮಗೆ ತಿಳಿಯಿತು. ಐವರೂ ವಾದ್ಯಗಳನ್ನು ಬಾಯಿಗಿಟ್ಟುಕೊಂಡು, ಮಾಸ್ತರು ಹಿಂದಕ್ಕೆ, ನಾವು ಮುಂದಕ್ಕೆ ಹೆಜ್ಜೆಯಿಡುತ್ತ, ಉಸಿರು ಬಿಗಿಹಿಡಿದು, ಆ ಹಾಡನ್ನು ಬರೀ ಬೆರಳಿನಲ್ಲಿ ಬಾರಿಸಿದೆವು. ಬಸಪ್ಪ ಸರಿಯಾದ ಜಾಗದಲ್ಲಿ ಕೊಳವೆ ಬದಲಿಸಿದ. ಎರಡನೆಯ ಪುಟ ಮುಗಿಯುವಷ್ಟರಲ್ಲಿ ವಾಡೆಯ ಗೋಡೆ ಮುಗಿಯಿತು. "ಹಾಂ, ಈಗ ಬಾರಸ್ರಿ ಜೋರಾಗಿ," ಎಂದು ಹಿಂದಿನಿಂದ ಕೂಗು ಬಂತು. ಡೋಲಿಗೆ ಪೆಟ್ಟು ಬಿತ್ತು. ಮಾಸ್ತರು ತಿರುಗಿ ನಿಂತು ಮದುವೆಯ ಹಾಡು ಎತ್ತಿದರು.

ಚಪ್ಪರದ ಹಿಂದೆ ಬಿಟ್ಟ ಗಾಡಿಯ ನೊಗದ ಮೇಲೆ ಕೂತಿದ್ದಾಗ ನಾಗವ್ವ ಬಂದಳು. ಓಡಿ ಬಂದಿದ್ದಳು, ಏದುಸಿರು.

"ಯಾಕ ಬಾ‌ರಸಲಿಲ್ಲ ಅಂತ ಕೇಳಾಕತ್ತಾರ್ರಿ ಅವ್ವಾರು. ಮುಂಜಾನಿಯಿಂದ ನೀರೂ ಕುಡಿದಿಲ್ಲ."

"ಕಿಟಕಿಯಾಗ ಇದ್ರಲ್ಲ?" ಎಂದೆ ನಾನು. "ನಾವು ಬೆರಳು ಆಡಿಸಿದ್ದು ನೋಡಲಿಲ್ಲೇನು?"

"ಕಿಟಕಿಯಾಗ ನಾನ ಇದ್ನಿರಿ. ಅವರು ಎಲ್ಲಿ ಬರ್ತಾರ, ನಡುಮನಿಯಾಗ ಗ್ವಾಡಿಗೆ ಕಿವಿ ಹಚ್ಚಿ ಕುಂತಿದ್ರು."

ದುಂಡಪ್ಪ ಯುಫೋನಿಯಂ ಮೇಲೆ ತಲೆಯಿಟ್ಟುಕೊಂಡ. ಮಾಸ್ತರು ನಾಗವ್ವನ ಮುಖ ನೋಡಿದರು.

"ಬಾರಸಿದ್ರು ಅಂತ ಹೇಳವ್ವಾ. ಬಾಳ ಮೆಲ್ಲಗ ಬಾರಸಿದ್ರು, ಗಾಳಿ ಆಕಡಿ ಬೀಸಾಕತ್ತಿತ್ತು, ಒಳಗ ಕೇಳಸಲಿಕ್ಕಿಲ್ಲ ಅಂತ ಹೇಳು."

ನಾಗವ್ವ ಸುತ್ತ ನೋಡಿದಳು. ವೈಶಾಖದ ಬಿಸಿಲಿನಲ್ಲಿ ಚಪ್ಪರದ ಮಾವಿನ ಎಲೆ ಒಂದೂ ಅಲುಗುತ್ತಿರಲಿಲ್ಲ. ಹೂಂ ಎಂದು ತಲೆ ಹಾಕಿ ಹೋದಳು.

"ನಂಬ್ತಾರೇನ್ರಿ ಅವರು?" ಎಂದು ಕೇಳಿದೆ.

"ಎಲ್ಲಿ ನಂಬ್ತಾರ ಗುರುಗಳ," ಎಂದರು ಮಾಸ್ತರು. "ಆ ಕಿವಿ ನನಗ ಗೊತ್ತಿಲ್ಲೇನು?"

ಅಷ್ಟರಲ್ಲಿ ಚಪ್ಪರದೊಳಗಿಂದ ಕರೆದರು. ಅಕ್ಕಿಕಾಳಿನ ಹೊತ್ತಾಗಿತ್ತು. ಮಾಸ್ತರು ಎದ್ದು, ಧೋತರ ಝಾಡಿಸಿ, ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಜೋರಾಗಿ ಊದ್ರಿ, ಜೋರಾಗಿ ಊದ್ರಿ ಎಂದು ಸಾವಕಾರರ ಕಡೆಯವರು ನಾಲ್ಕೂ ದಿಕ್ಕಿನಿಂದ ಕೂಗುತ್ತಿದ್ದರು. ನಾವು ಊದಿದೆವು. ಓಣಿಯ ಪ್ರತಿಯೊಂದು ಮನೆಯ ನಡುಮನೆಗೂ ಕೇಳುವಷ್ಟು ಜೋರಾಗಿ, ಮದುವೆಯ ಹಾಡನ್ನು ಊದಿದೆವು.